ಕಾಯದೊಳಗಿನ ಕಾಯಕ



ಪ್ರಾಣವು ದೇಹವನ್ನು ಬಿಟ್ಟಿತೆಂಬುದನ್ನು ನಮ್ಮ ಹಿರಿಯರು ಮೈ ಮುಟ್ಟಿ ತಿಳಿಯುತ್ತಿದ್ದರು. ಅಂಗಾಲು ತಣ್ಣಗಾಯಿತು, ಹಣೆ ತಣ್ಣಗಾಯಿತು ಎಂದರೆ ಸಾಕು, ಮನೆಯವರಿಗೆ ಸಂಗತಿ ತಿಳಿಯುತ್ತಿತ್ತು. ಜೀವವಿರುವವರೆಗೆ ಮೈ ಬೆಚ್ಚಗಿರುತ್ತದೆಂಬ ಈ ಮಾತನ್ನು ನಾವು ಎಷ್ಟು ಸಹಜವೆಂದು ಭಾವಿಸಿದ್ದೇವೆಂದರೆ, ಆ ಬೆಚ್ಚಗೆ ಎಲ್ಲಿಂದ ಬಂದಿತು, ಮಾಘದ ಚಳಿಯಲ್ಲಿಯೂ ವೈಶಾಖದ ಬಿಸಿಲಿನಲ್ಲಿಯೂ ಅದು ಒಂದೇ ಮಟ್ಟದಲ್ಲಿ ನಿಂತಿರುವುದು ಹೇಗೆ, ಅದನ್ನು ಕಾಯುವ ಕೆಲಸ ಯಾವುದು ಎಂದು ಕೇಳುವುದನ್ನೇ ಮರೆತಿದ್ದೇವೆ.

ಶರೀರವನ್ನು ಹೀಗಳೆದು ಮೋಕ್ಷವನ್ನು ಅರಸುವ ಮಾರ್ಗಗಳು ಲೋಕದಲ್ಲಿ ಅನೇಕವಿವೆ. ಶರಣರ ಮಾರ್ಗವು ಅದಲ್ಲ. ದೇಹವನ್ನೇ ದೇವಾಲಯವಾಗಿ ಕಂಡ ಬಸವಣ್ಣನವರ ಅನುಯಾಯಿಗಳು ಆ ಆಲಯದ ಒಳಗಿನ ವ್ಯವಸ್ಥೆಯನ್ನು ತಿಳಿಯದೆ ಇರುವುದು ಸರಿಯಲ್ಲ. ಆದುದರಿಂದ ಈ ತಿಂಗಳು ಕಾಯದ ಶಾಖವನ್ನು ಕುರಿತು ವಿಚಾರ ಮಾಡೋಣ. ಇದು ವೈದ್ಯರ ವಿಷಯ, ಮಠದ ಪತ್ರಿಕೆಗೆ ಇದೇಕೆ ಎಂದು ಕೆಲವರಿಗೆ ತೋರಬಹುದು. ಕಾಯಕವನ್ನು ಮಾಡುವುದು ಕಾಯವೇ ತಾನೇ? ಬಿಸಿಲಿನಲ್ಲಿ ಕುಸಿದುಬಿದ್ದವನು ಯಾವ ಕಾಯಕವನ್ನು ಮಾಡಿಯಾನು?

ಜರ್ಮನಿಯ ಲೈಪ್‌ಜಿಗ್ ನಗರದ ವೈದ್ಯ ಕಾರ್ಲ್ ವುಂಡರ್ಲಿಖ್ ಎಂಬಾತನು ಸಾವಿರಾರು ರೋಗಿಗಳ ಕಂಕುಳಲ್ಲಿ ಉಷ್ಣಮಾಪಕವನ್ನಿಟ್ಟು ಪರೀಕ್ಷಿಸಿ, 1868ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಆರೋಗ್ಯವಂತನ ಮೈಶಾಖವು 37 ಡಿಗ್ರಿ ಸೆಲ್ಸಿಯಸ್, ಎಂದರೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ 98.6 ಎಂಬುದು ಅವನಿಂದಲೇ ಜಗತ್ತಿಗೆ ರೂಢಿಯಾದ ಅಂಕಿ. ಈಗಿನ ಪರೀಕ್ಷೆಗಳಲ್ಲಿ ಸರಾಸರಿಯು ಅದಕ್ಕಿಂತ ತುಸು ಕಡಮೆಯಾಗಿಯೇ ಕಂಡುಬರುತ್ತದೆ. ಬೆಳಗಿನ ಜಾವದಲ್ಲಿ ಅತಿ ಕಡಮೆ, ಸಂಜೆಯ ಮುನ್ನ ಅತಿ ಹೆಚ್ಚು. ಈ ಏರಿಳಿತವು ಅರ್ಧ ಡಿಗ್ರಿಯ ಆಸುಪಾಸು. ಹೊರಗೆ ಗಾಳಿಯು 10 ಡಿಗ್ರಿಯಿರಲಿ, 42 ಡಿಗ್ರಿಯಿರಲಿ, ಒಳಗಿನ ಮನೆ ಮಾತ್ರ ಇಷ್ಟು ಕಿರಿದಾದ ಎಲ್ಲೆಯೊಳಗೇ ಇರುತ್ತದೆ. 35ಕ್ಕಿಂತ ಕೆಳಗೆ ಇಳಿದರೆ ಬುದ್ಧಿ ಮಂಕಾಗುತ್ತದೆ. ಇನ್ನೂ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ. 40ನ್ನು ಮೀರಿ ಅಲ್ಲಿಯೇ ನಿಂತರೆ ಮೆದುಳು, ಯಕೃತ್ತು, ಮೂತ್ರಪಿಂಡಗಳು ಕೆಡತೊಡಗುತ್ತವೆ. ನಾವು ನಡೆಯುತ್ತಿರುವ ದಾರಿಯು ಅಷ್ಟು ಇಕ್ಕಟ್ಟಾದುದು. ಆದರೂ ಎಡವದೆ ನಡೆಯುತ್ತೇವೆ.

ಈ ಶಾಖವು ಹೊರಗಿನಿಂದ ಬಂದುದಲ್ಲ. ಉಂಡ ರೊಟ್ಟಿ, ಕುಡಿದ ಅಂಬಲಿ ಒಳಗೆ ಸಾವಕಾಶವಾಗಿ ಉರಿಯುವುದರಿಂದ ಹುಟ್ಟಿದುದು. ಏನೂ ಮಾಡದೆ ಕುಳಿತವನ ದೇಹದಿಂದ ಹೊರಡುವ ಶಾಖವು ಹಿಂದಿನ ಕಾಲದ 100 ವ್ಯಾಟಿನ ವಿದ್ಯುದ್ದೀಪದ ಶಾಖಕ್ಕೆ ಹೆಚ್ಚುಕಡಮೆ ಸಮ. ನೂರು ಜನ ಕುಳಿತ ಅನುಭವಗೋಷ್ಠಿಯ ಸಭಾಂಗಣವು ಕಿಟಕಿ ಮುಚ್ಚಿದರೆ ಬೇಗ ಕಾಯುವುದು ಇದರಿಂದಲೇ. ಒಳಗೆ ಹುಟ್ಟಿದ ಶಾಖವನ್ನು ಹೊರಗೆ ಬಿಡದಿದ್ದರೆ, ಸುಮ್ಮನೆ ಕುಳಿತವನ ಮೈಯೂ ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚಾಗಿ ಏರುತ್ತ ಹೋಗಬೇಕು. ಗುದ್ದಲಿ ಹಿಡಿದು ದುಡಿಯುವವನ ಲೆಕ್ಕವೇ ಬೇರೆ. ಸ್ನಾಯುವು ವ್ಯಯಿಸುವ ಶಕ್ತಿಯಲ್ಲಿ ನಾಲ್ಕು ಅಥವಾ ಐದರಲ್ಲಿ ಒಂದು ಪಾಲು ಮಾತ್ರ ಕೆಲಸವಾಗುತ್ತದೆ, ಉಳಿದುದೆಲ್ಲ ಶಾಖ. ಕಠಿನವಾಗಿ ದುಡಿಯುವವನ ಮೈಯಿಂದ ಶಾಖವು ಹೊರಹೋಗದಿದ್ದರೆ ಹತ್ತು ನಿಮಿಷದೊಳಗಾಗಿಯೇ ಒಂದು ಡಿಗ್ರಿ ಏರಿಬಿಡುತ್ತದೆ. ದುಡಿಯುವವನು ಸೂರ್ಯನ ಬಿಸಿಲನ್ನಷ್ಟೇ ಹೊರುವುದಿಲ್ಲ, ತನ್ನ ದುಡಿಮೆಯ ಬಿಸಿಯನ್ನೂ ಹೊರುತ್ತಾನೆ. ನೆರಳಿನಲ್ಲಿ ಕುಳಿತು ಅವನ ಸೋಮಾರಿತನವನ್ನು ಅಳೆಯುವವರು ಇದನ್ನು ನೆನೆಯಬೇಕು.

(ನಮ್ಮ ಮನೆಗಳಲ್ಲಿ “ಮೈಗೆ ಉಷ್ಣವಾಯಿತು” ಎನ್ನುವ ಮಾತು ಬೇರೆ ಅರ್ಥದ್ದು. ಬಾಯಿ ಹುಣ್ಣಾದಾಗ, ಕಣ್ಣು ಉರಿದಾಗ ಹಾಗೆನ್ನುವುದುಂಟು. ಆಗ ಉಷ್ಣಮಾಪಕದಲ್ಲಿ ಏನೂ ಏರಿರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಅಳತೆಗೆ ಸಿಕ್ಕುವ ಶಾಖವನ್ನು ಕುರಿತು.)

ಮೆದುಳಿನ ತಳದಲ್ಲಿ ಹೈಪೊಥಲಮಸ್ ಎಂಬ ಪುಟ್ಟ ಭಾಗವೊಂದಿದೆ. ಗಾತ್ರದಲ್ಲಿ ಬಾದಾಮಿ ಬೀಜದಷ್ಟು. ಚರ್ಮದ ಉದ್ದಗಲಕ್ಕೂ ಹರಡಿರುವ ನರಗಳು ಬಿಸಿಯ ಸುದ್ದಿಯನ್ನೂ ತಂಪಿನ ಸುದ್ದಿಯನ್ನೂ ಅಲ್ಲಿಗೆ ಮುಟ್ಟಿಸುತ್ತವೆ. ತನ್ನ ಬಳಿ ಹರಿಯುವ ರಕ್ತದ ಬಿಸಿಯನ್ನು ಅದು ತಾನಾಗಿಯೂ ಅರಿಯುತ್ತದೆ. ನಾವು ನಿದ್ರಿಸುತ್ತಿರಲಿ, ಪೂಜೆಯಲ್ಲಿರಲಿ, ಜಗಳದಲ್ಲಿರಲಿ, ಅದಕ್ಕೆ ಬಿಡುವಿಲ್ಲ. ಶಾಖ ಹೆಚ್ಚಿತೆಂದರೆ ಅದರ ಅಪ್ಪಣೆಯಂತೆ ಚರ್ಮದ ಕೆಳಗಿನ ರಕ್ತನಾಳಗಳು ಹಿಗ್ಗುತ್ತವೆ. ಒಳಗಿನ ಬಿಸಿಯನ್ನು ಹೊತ್ತ ರಕ್ತವು ಮೈಯ ಅಂಚಿಗೆ ಬಂದು ಅದನ್ನು ಗಾಳಿಗೆ ಒಪ್ಪಿಸಿ, ತಣಿದು ಒಳಗೆ ಮರಳುತ್ತದೆ. ಸಾಮಾನ್ಯ ಕಾಲದಲ್ಲಿ ಚರ್ಮಕ್ಕೆ ನಿಮಿಷಕ್ಕೆ ಕಾಲು ಲೀಟರಿನಷ್ಟು ರಕ್ತ ಸಾಕು; ತೀವ್ರವಾದ ಬಿಸಿಯಲ್ಲಿ ಅದು ಆರು, ಏಳು ಲೀಟರಿಗೂ ಏರಬಲ್ಲುದು. ವಿಶ್ರಾಂತಿಯಲ್ಲಿ ಹೃದಯವು ಇಡೀ ದೇಹಕ್ಕೆ ನೂಕುವುದೇ ನಿಮಿಷಕ್ಕೆ ಐದು ಲೀಟರ್ ಎಂಬುದನ್ನು ನೆನೆದರೆ, ಬೇಸಗೆಯಲ್ಲಿ ಆ ಮುಷ್ಟಿಗಾತ್ರದ ಅಂಗದ ಮೇಲೆ ಬೀಳುವ ಹೊರೆ ಎಷ್ಟೆಂದು ತಿಳಿಯುತ್ತದೆ. ಹೃದಯ ದುರ್ಬಲವಾದವರು ಬಿಸಿಲಿನ ದಿನಗಳಲ್ಲಿ ಹೆಚ್ಚಾಗಿ ಮಡಿಯುವುದು ಈ ಕಾರಣದಿಂದ.

ಅಂಗೈ, ಅಂಗಾಲುಗಳಲ್ಲಿ ಶಾಖವನ್ನು ಹೊರಬಿಡುವುದಕ್ಕೆಂದೇ ವಿಶೇಷವಾದ ರಕ್ತನಾಳಗಳಿವೆ. ಇಷ್ಟಲಿಂಗವು ನೆಲಸುವ ಕರಸ್ಥಲವೇ ದೇಹದ ಬಿಸಿಯು ಸುಲಭವಾಗಿ ಹೊರಡುವ ಸ್ಥಳವೂ ಹೌದು. ಇದರಿಂದ ಯಾವ ಗೂಢಾರ್ಥವನ್ನೂ ಹಿಂಡಲು ನಾನು ಹೊರಟಿಲ್ಲ. ಹಾಗೆ ಹಿಂಡುವವರು ಈಗಾಗಲೇ ಬೇಕಾದಷ್ಟು ಮಂದಿ ಇದ್ದಾರೆ. ಪೂಜೆಯ ವೇಳೆಗೆ ಅಂಗೈ ಬೆಚ್ಚಗಿರುವುದನ್ನು ಕಂಡವರಿಗೆ ಕಾರಣ ತಿಳಿದಿರಲೆಂದು ಹೇಳಿದೆ.

ಗಾಳಿಯೇ ಮೈಗಿಂತ ಬಿಸಿಯಾದಾಗ ಗತಿ ಏನು? ರಾಯಚೂರು, ಕಲಬುರಗಿಗಳ ಮೇ ತಿಂಗಳಲ್ಲಿ ಗಾಳಿಯು 42 ಡಿಗ್ರಿಗೆ ಏರುವುದು ಅಪರೂಪವಲ್ಲ. ಆಗ ಚರ್ಮಕ್ಕೆ ಬಂದ ರಕ್ತವು ಶಾಖವನ್ನು ಕೊಡುವ ಬದಲು ಗಾಳಿಯಿಂದಲೇ ತೆಗೆದುಕೊಳ್ಳತೊಡಗುತ್ತದೆ. ಆ ಹೊತ್ತಿನಲ್ಲಿ ಉಳಿಯುವುದು ಒಂದೇ ದಾರಿ, ಬೆವರು.

ಬೆವರಿನ ಮರ್ಮವನ್ನು ತಿಳಿಯಬೇಕಾದವರು ದೂರ ಹೋಗಬೇಕಾಗಿಲ್ಲ. ಮನೆಯ ಮೂಲೆಯಲ್ಲಿರುವ ಮಣ್ಣಿನ ಕೊಡವನ್ನು ನೋಡಿದರಾಯಿತು. ಕೊಡದ ಮೈಯಿಂದ ನೀರು ಜಿನುಗುತ್ತದೆ; ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ; ಒಳಗಿನದು ತಣ್ಣಗಾಗುತ್ತದೆ. ತಾಮ್ರದ ಕೊಡ ಎಷ್ಟು ಹೊಳೆದರೂ ಈ ಗುಣ ಅದಕ್ಕಿಲ್ಲ. ನಮ್ಮ ಚರ್ಮದಲ್ಲಿ ಇಪ್ಪತ್ತು ಲಕ್ಷದಿಂದ ನಲವತ್ತು ಲಕ್ಷದವರೆಗೆ ಬೆವರಿನ ಗ್ರಂಥಿಗಳಿವೆ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಏಳು ಲೀಟರ್ ತಣ್ಣೀರನ್ನು ಒಲೆಯ ಮೇಲಿಟ್ಟು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವಷ್ಟು ಶಾಖವದು.

ಇದರ ಬಲವೆಷ್ಟೆಂಬುದನ್ನು 1774ರಲ್ಲಿ ಲಂಡನ್ ನಗರದಲ್ಲಿ ಚಾರ್ಲ್ಸ್ ಬ್ಲ್ಯಾಗ್ಡನ್ ಎಂಬ ವೈದ್ಯನು ತನ್ನ ಮೈಮೇಲೆಯೇ ಪರೀಕ್ಷಿಸಿ ನೋಡಿದನು. ಜಾರ್ಜ್ ಫೋರ್ಡೈಸ್ ಎಂಬ ಮತ್ತೊಬ್ಬ ವೈದ್ಯನು ಸಿದ್ಧಪಡಿಸಿದ್ದ ಕೋಣೆಯನ್ನು ಫ್ಯಾರನ್‌ಹೀಟ್ 260 ಡಿಗ್ರಿಯವರೆಗೆ, ಎಂದರೆ ನೀರು ಕುದಿಯುವ ಮಟ್ಟಕ್ಕಿಂತಲೂ ಬಹಳ ಮೇಲೆ ಕಾಯಿಸಿ, ಅದರೊಳಗೆ ಎಂಟು ನಿಮಿಷ ನಿಂತನು. ಆ ಬಿಸಿಗಾಳಿಯಲ್ಲಿಟ್ಟ ಮೊಟ್ಟೆಗಳು ಬೆಂದು ಗಟ್ಟಿಯಾದವು, ಮಾಂಸದ ತುಂಡು ಬೆಂದುಹೋಯಿತು. ನಿಂತ ಮನುಷ್ಯನಿಗೆ ಅಪಾಯವಾಗಲಿಲ್ಲ. ಅದೇ ಗಾಳಿ, ಅದೇ ಬಿಸಿ; ಜೀವವಿಲ್ಲದ ಮಾಂಸಕ್ಕೆ ರಕ್ಷಣೆಯಿರಲಿಲ್ಲ, ಜೀವವಿದ್ದುದಕ್ಕೆ ಇತ್ತು. ಅವನು ಎರಡು ಪಾತ್ರೆಗಳಲ್ಲಿ ನೀರನ್ನೂ ಇಟ್ಟು ನೋಡಿದನು. ಬರಿಯ ನೀರು ಕುದಿಯಲಿಲ್ಲ; ಆವಿ ಹೋಗದಂತೆ ಮೇಲೆ ಎಣ್ಣೆ ತೇಲಿಸಿದ ನೀರು ಕುದಿಯಿತು. ಆವಿಯಾಗುವುದಕ್ಕೆ ದಾರಿಯಿದ್ದರೆ ಬಿಸಿಯನ್ನು ಗೆಲ್ಲಬಹುದು, ದಾರಿ ಮುಚ್ಚಿದರೆ ಗೆಲ್ಲಲಾಗದು ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಡ.

ಈ ಮಾತಿನ ಇನ್ನೊಂದು ಮುಖವೂ ಇದೆ. ಮಳೆಗಾಲದಲ್ಲಿ ಮಣ್ಣಿನ ಕೊಡದ ನೀರು ತಂಪಾಗುವುದಿಲ್ಲವೆಂಬುದನ್ನು ನಮ್ಮ ತಾಯಂದಿರು ಬಲ್ಲರು. ಗಾಳಿಯಲ್ಲಿ ತೇವವು ತುಂಬಿರುವಾಗ ಆವಿಗೆ ಎಡೆಯೆಲ್ಲಿ? ಆದುದರಿಂದಲೇ ಮಂಗಳೂರಿನ 35 ಡಿಗ್ರಿಯು ರಾಯಚೂರಿನ 40ರಷ್ಟೇ ದಣಿಸಬಲ್ಲುದು. ಅಲ್ಲಿ ಬೆವರು ಧಾರಾಕಾರವಾಗಿ ಹರಿಯುತ್ತದೆ, ನೆಲಕ್ಕೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ನೀರನ್ನು ಕಳೆಯಿತೇ ಹೊರತು ಮೈಯನ್ನು ತಣಿಸಲಿಲ್ಲ.

ಇಷ್ಟರವರೆಗೆ ಹೇಳಿದ್ದೆಲ್ಲ ನಮ್ಮ ಅಪ್ಪಣೆಯಿಲ್ಲದೆ ನಡೆಯುವ ಕಾಯಕ. ಆದರೆ ದೇಹದ ರಕ್ಷಣೆಯಲ್ಲಿ ಅತ್ಯಂತ ಬಲವಾದ ಸಾಧನವು ರಕ್ತವೂ ಅಲ್ಲ, ಬೆವರೂ ಅಲ್ಲ; ನಡತೆ. ಬಿಸಿಲಾಯಿತು, ನೆರಳಿಗೆ ಹೋಗು. ಬಾಯಾರಿತು, ನೀರು ಕುಡಿ. ದಣಿದೆ, ಕುಳಿತುಕೊ ಎಂದು ಒಳಗಿನಿಂದ ಬರುವ ಮಾತನ್ನು ಕೇಳಿ ನಡೆಯುವುದು. ದನಕರುಗಳೂ ಆ ಮಾತನ್ನು ಕೇಳಿ ಬೇವಿನ ಮರದಡಿಗೆ ಸರಿಯುತ್ತವೆ. ಇಲ್ಲಿಯೇ ನನ್ನ ಮನಸ್ಸಿಗೆ ನೋವಾಗುವ ಸಂಗತಿಯೊಂದಿದೆ. ಇಟ್ಟಿಗೆ ಹೊರುವವನಿಗೆ, ಡಾಂಬರು ಹಾಸುವವಳಿಗೆ ಒಳಗಿನ ದನಿಯು ನೆರಳಿಗೆ ಹೋಗೆನ್ನುತ್ತದೆ, ಮೇಸ್ತ್ರಿ ಬೇಡವೆನ್ನುತ್ತಾನೆ. ಹೋದರೆ ಕೂಲಿ ಮುರಿಯುತ್ತದೆ. ದೇಹಕ್ಕೆ ದತ್ತವಾದ ರಕ್ಷಣೆಗಳಲ್ಲಿ ಮೊದಲನೆಯದನ್ನು ನಾವು ಅವರಿಂದ ಕಿತ್ತುಕೊಂಡಿದ್ದೇವೆ. ಉಳಿದ ಹೊರೆಯನ್ನೆಲ್ಲ ಹೃದಯದ ಮೇಲೂ ಬೆವರಿನ ಮೇಲೂ ಹೊರಿಸಿದ್ದೇವೆ. ಬೇಸಗೆಯಲ್ಲಿ ಕಲಬುರಗಿ ಸೀಮೆಯ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾರ್ಪಡಿಸುವ ರೂಢಿಯಿದೆ. ಒಳ್ಳೆಯ ರೂಢಿಯೇ. ಆದರೆ ಸೂರಿನ ಕೆಳಗೆ, ಫ್ಯಾನಿನ ಕೆಳಗೆ ಕುಳಿತವರಿಗೆ ದೊರೆತ ಈ ರಿಯಾಯಿತಿಯು ಅದೇ ಕಚೇರಿಯ ಎದುರಿನ ರಸ್ತೆಯಲ್ಲಿ ಜಲ್ಲಿ ಹರಡುವವಳಿಗೆ ದೊರೆಯಬಾರದೇಕೆ? ನಮ್ಮ ಭಕ್ತರಲ್ಲಿ ಗುತ್ತಿಗೆದಾರರಿದ್ದಾರೆ, ಹೊಲದೊಡೆಯರಿದ್ದಾರೆ, ಮನೆ ಕಟ್ಟಿಸುವವರಿದ್ದಾರೆ. ಅವರಿಗೇ ಈ ಪ್ರಶ್ನೆ.

ಅಹಮದಾಬಾದು ನಗರದಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ, ಬೇರೆ ವರ್ಷಗಳ ಅದೇ ತಿಂಗಳಿಗೆ ಹೋಲಿಸಿದಾಗ, 1,344 ಮಂದಿ ಹೆಚ್ಚಾಗಿ ಸತ್ತರೆಂದು ಲೆಕ್ಕ ಹಾಕಿದರು. ಅಷ್ಟು ಜೀವಗಳು ಹೋದ ಮೇಲೆ 2013ರಲ್ಲಿ ಆ ನಗರವು ಬಿಸಿಲಿನ ಮುನ್ಸೂಚನೆ ಕೊಡುವುದು, ಕುಡಿಯುವ ನೀರಿನ ಏರ್ಪಾಡು, ವೈದ್ಯರಿಗೆ ತರಬೇತಿ ಇವನ್ನೆಲ್ಲ ಸೇರಿಸಿ ಒಂದು ಯೋಜನೆಯನ್ನು ರೂಪಿಸಿತು. ಅಲ್ಲಿ ಮಾಡಿದ್ದರಲ್ಲಿ ಬಹುಪಾಲು ನೀರು, ನೆರಳು, ಸಕಾಲದ ಎಚ್ಚರಿಕೆ, ಇಷ್ಟೇ. ನಾವು ಇವನ್ನು ದಾಸೋಹವೆನ್ನುತ್ತೇವೆ.

ಕೆಲಸ ಮಾಡಿಸುವವರು ತಿಳಿದಿರಬೇಕಾದ ಒಂದೆರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ದೇಹವು ಬಿಸಿಲಿಗೆ ಒಗ್ಗಿಕೊಳ್ಳುತ್ತದೆ, ಆದರೆ ಒಂದೇ ದಿನದಲ್ಲಲ್ಲ. ಒಂದೆರಡು ವಾರ ಸ್ವಲ್ಪ ಸ್ವಲ್ಪವಾಗಿ ದುಡಿದರೆ ಬೆವರು ಬೇಗ ಹುಟ್ಟುತ್ತದೆ, ಹೆಚ್ಚು ಹುಟ್ಟುತ್ತದೆ, ಅದರಲ್ಲಿನ ಉಪ್ಪು ಕಡಮೆಯಾಗುತ್ತದೆ. ಆದುದರಿಂದ ಹೊಸದಾಗಿ ಬಂದ ಆಳಿಗೆ, ಕಾಯಿಲೆಯಿಂದೆದ್ದು ಬಂದವನಿಗೆ ಮೊದಲ ದಿನಗಳಲ್ಲಿ ಪೂರ್ತಿ ಕೆಲಸ ಹೇಳುವುದು ಅಪಾಯ. ಬಿಸಿಲಿನಲ್ಲಿ ದುಡಿಯುವಾಗ ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಂದು ಲೋಟ ನೀರು ಬೇಕು, ಬಾಯಾರುವವರೆಗೆ ಕಾಯಬಾರದು. ಗಂಟೆಗಟ್ಟಲೆ ಬೆವರಿದವನಿಗೆ ಉಪ್ಪು ಹಾಕಿದ ಮಜ್ಜಿಗೆಯೋ ಅಂಬಲಿಯೋ ಬರಿಯ ನೀರಿಗಿಂತ ಮೇಲು.

ಹೀಗಿದ್ದೂ ಒಬ್ಬನು ಕುಸಿದರೆ? ಮಾತು ತೊದಲುತ್ತಿದೆ, ಯಾರನ್ನೋ ಯಾರೆಂದೋ ಕರೆಯುತ್ತಿದ್ದಾನೆ, ಮೈ ಬೆಂಕಿಯಂತಿದೆ ಎಂದರೆ ಅದು ಬಿಸಿಲಿನ ಆಘಾತ. ಬೆವರು ನಿಂತಿರಬೇಕೆಂದೇನೂ ಇಲ್ಲ. ದುಡಿಯುತ್ತಿದ್ದವನ ಮೈ ಬೆವರಿನಿಂದ ಒದ್ದೆಯಾಗಿಯೇ ಇರಬಹುದು. 108ಕ್ಕೆ ಕರೆ ಮಾಡಿಸಿರಿ. ವಾಹನ ಬರುವವರೆಗೆ ಕೈಕಟ್ಟಿ ನಿಲ್ಲದೆ ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರನ್ನು ಮೈಮೇಲೆ ಸುರಿದು ಗಾಳಿ ಬೀಸಿರಿ. ನೀರಿನ ತೊಟ್ಟಿ ಇದ್ದರೆ ತಲೆಯನ್ನು ಮೇಲೆ ಹಿಡಿದು ಕತ್ತಿನವರೆಗೆ ಅದರಲ್ಲಿಯೇ ಇರಿಸಿರಿ. ಎಚ್ಚರವಿಲ್ಲದವನ ಬಾಯಿಗೆ ಮಾತ್ರ ನೀರು ಹನಿಸಬೇಡಿರಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರದ ಗುಳಿಗೆಯು ಇದಕ್ಕೆ ಔಷಧವಲ್ಲ.

ಏಕೆ ಅಲ್ಲವೆಂದರೆ, ಜ್ವರದ ಬಿಸಿಯೂ ಬಿಸಿಲಿನ ಬಿಸಿಯೂ ಒಂದೇ ಅಲ್ಲ. ರೋಗಾಣುಗಳು ಹೊಕ್ಕಾಗ ಮೆದುಳಿನ ಕಾವಲುಗಾರನು ತಾನೇ ಗುರುತನ್ನು 37ರಿಂದ 39ಕ್ಕೆ ಏರಿಸಿಡುತ್ತಾನೆ. ಆಗ 37ರಲ್ಲಿರುವ ಮೈ ಅವನ ಲೆಕ್ಕಕ್ಕೆ ತಣ್ಣಗಿದೆ. ಆದುದರಿಂದಲೇ ಜ್ವರ ಏರುವ ಹೊತ್ತಿನಲ್ಲಿ ಚಳಿ, ನಡುಕ. ನಡುಕವೆಂದರೆ ಸ್ನಾಯುಗಳು ಕೆಲಸವಿಲ್ಲದೆ ದುಡಿದು ಶಾಖವನ್ನು ಹುಟ್ಟಿಸುವುದು. ಗುಳಿಗೆಯು ಆ ಗುರುತನ್ನು ಇಳಿಸುತ್ತದೆ. ಬಿಸಿಲಿನ ಆಘಾತದಲ್ಲಿ ಗುರುತು ಏರಿರುವುದೇ ಇಲ್ಲ. ತಣಿಸುವ ಕೆಲಸವೇ ಸೋತಿರುತ್ತದೆ. ಅಲ್ಲಿ ಗುಳಿಗೆಯು ಏನನ್ನು ಇಳಿಸಬೇಕು?

ಜ್ವರ ಬಂದ ಮಗುವಿಗೆ ಕಂಬಳಿಯ ಮೇಲೆ ಕಂಬಳಿ ಹೊದಿಸಿ, ಬಾಗಿಲು ಮುಚ್ಚಿ, ನೀರು ಕುಡಿದರೆ ಜ್ವರ ಹೆಚ್ಚೀತೆಂದು ತಂಬಿಗೆಯನ್ನು ದೂರವಿಡುವ ಮನೆಗಳು ಈಗಲೂ ಇವೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಸಂದೇಹವಿಲ್ಲ. ಆದರೆ ಮಗುವಿನ ಮೈಯಿಂದ ಹೊರಡಬೇಕಾದ ಶಾಖಕ್ಕೆ ಕಂಬಳಿ ಅಡ್ಡ. ಬೆವರಾಗಬೇಕಾದ ನೀರು ಒಳಗೆ ಇಲ್ಲ. ನಡುಗುವಾಗ ತೆಳುವಾದ ಹೊದಿಕೆ, ನಡುಕ ನಿಂತು ಮೈ ಬಿಸಿಯಾದಾಗ ಅದನ್ನೂ ತೆಗೆಯುವುದು, ಆಗಾಗ್ಗೆ ನೀರು, ಗಂಜಿ, ಎಳನೀರು. ಮೊಲೆಹಾಲು ಕುಡಿಯುವ ಕೂಸಿಗೆ ಹಾಲನ್ನೇ ಹೆಚ್ಚಾಗಿ ಕುಡಿಸಬೇಕು. ಮೂರು ತಿಂಗಳೊಳಗಿನ ಕೂಸಿನ ಮೈ 38 ಡಿಗ್ರಿಗೆ ಏರಿದರೆ ಮನೆಮದ್ದಿಗೆ ಅವಕಾಶವೇ ಇಲ್ಲ, ಕೂಡಲೇ ವೈದ್ಯರಲ್ಲಿಗೆ.

ಹಸುಗೂಸಿನ ಕಷ್ಟ ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗು. ಅದಕ್ಕೆ ದೊಡ್ಡವರಂತೆ ನಡುಗಲು ಬಾರದು. ಹೆಗಲ ನಡುವೆ, ಕುತ್ತಿಗೆಯ ಸುತ್ತ ಇರುವ ಕಂದುಬಣ್ಣದ ಕೊಬ್ಬೊಂದು ಉರಿದು ಅದಕ್ಕೆ ಶಾಖ ಕೊಡುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಆ ಬುತ್ತಿಯೂ ಸಾಲದು. ಹುಟ್ಟಿದ ಕೂಡಲೇ ಸ್ನಾನ ಮಾಡಿಸುವ ಆತುರವನ್ನು ಬಿಟ್ಟು, ಒರಸಿ, ಕುಲಾವಿ ತೊಡಿಸಿ, ಒಂದು ದಿನವಾದರೂ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು ಇದಕ್ಕಾಗಿ. ಮುಚ್ಚಿದ ಬಾಣಂತಿಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಡುವುದು ಮಾತ್ರ ಬೇಡ. ಅದರ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರ ಸುಮಾರಿಗೆ, ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಹೋದಾಗ, ಎಡ್ಗರ್ ರೇ ಎಂಬ ವೈದ್ಯನು ತೂಕವಿಲ್ಲದ ಕೂಸುಗಳನ್ನು ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದನು. ಬಡತನವು ಹೇಳಿಕೊಟ್ಟ ಉಪಾಯವಿದು. 2021ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಹುಟ್ಟಿದೊಡನೆಯೇ ಹೀಗೆ ಮಾಡಿದ ಕೂಸುಗಳಲ್ಲಿ ಮರಣವು ಕಾಲು ಭಾಗದಷ್ಟು ಕಡಮೆಯಾದುದು ಕಂಡುಬಂದಿತು. ತಾಯಿಯ ಮೈಯ ಕಾಯಕವು ಕೂಸಿನ ಮೈಯ ಕಾಯಕವನ್ನು ಕೆಲವು ಕಾಲ ತಾನೇ ಹೊರುತ್ತದೆ.

ಯುಗಾದಿಯ ಜಾತ್ರೆಗೆ ನಮ್ಮ ಸೀಮೆಯಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಭಕ್ತರ ತಂಡಗಳಿಗೂ ಒಂದು ಮಾತು. ನೀರು ಮುಟ್ಟದೆ ನಡೆಯುವೆನೆಂಬ ವ್ರತವನ್ನು ಕೈಕೊಳ್ಳಬೇಡಿರಿ. ಬೆವರಿನ ಸಾಮಗ್ರಿಯನ್ನು ಕಿತ್ತುಕೊಂಡು ದೇಹಕ್ಕೆ ಬಿಸಿಲಿನಲ್ಲಿ ನಡೆಯೆಂದು ಹೇಳುವುದು ಯಾವ ಶರಣರೂ ಬೋಧಿಸಿದ ತಪಸ್ಸಲ್ಲ. ಬೆಳಗಿನ ಜಾವದಿಂದ ಹತ್ತು ಗಂಟೆಯವರೆಗೆ ನಡೆದು, ಮಧ್ಯಾಹ್ನ ನೆರಳಿನಲ್ಲಿ ತಂಗಿ, ಐದರ ಮೇಲೆ ಮತ್ತೆ ಹೊರಡುವುದು ಲೇಸು. ದಾರಿಯುದ್ದಕ್ಕೂ ಅರವಟ್ಟಿಗೆ ಇಟ್ಟು ದಾಸೋಹ ನಡೆಸುವವರು ಸಿಹಿಯ ಬದಲು ಉಪ್ಪು ಹಾಕಿದ ಮಜ್ಜಿಗೆಯನ್ನು ಹೆಚ್ಚಾಗಿ ಮಾಡಿಸಿರಿ.

ಅರವಟ್ಟಿಗೆಯು ದಾರಿಹೋಕರಿಗೆ ಮಾತ್ರ ಎಂದು ತಿಳಿಯಬೇಡಿರಿ. ಮುಪ್ಪಿನಲ್ಲಿ ಬೆವರು ಕಡಮೆಯಾಗುತ್ತದೆ, ಚರ್ಮದ ರಕ್ತನಾಳಗಳು ಹಿಂದಿನಂತೆ ಹಿಗ್ಗುವುದಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಬಾಯಾರಿಕೆಯೇ ಮಂದವಾಗುತ್ತದೆ. ಒಳಗೆ ನೀರು ಬತ್ತಿದ್ದರೂ ಅಜ್ಜನವರು ಬೇಡವೆನ್ನುತ್ತಾರೆ. ಅದು ಹಟವಲ್ಲ, ಅವರಿಗೆ ದಾಹ ತಿಳಿಯುತ್ತಿಲ್ಲ. ಹೃದಯದ ಕಾಯಿಲೆಗೆ ನೀರಿನ ಮಿತಿಯನ್ನು ವೈದ್ಯರು ಹಾಕಿದ್ದರೆ ಅದು ಬೇರೆ ಮಾತು, ಬೇಸಗೆಗೆ ಮುಂಚೆಯೇ ಅವರನ್ನು ಕೇಳಿಕೊಳ್ಳಬೇಕು. ಉಳಿದವರಿಗೆ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಯಾರಾದರೂ ತಂಬಿಗೆಯನ್ನು ಕೈಯಲ್ಲಿಟ್ಟು, ಅವರು ಕುಡಿದು ಮುಗಿಸುವವರೆಗೆ ಬಳಿಯಲ್ಲಿ ಕುಳಿತಿರಬೇಕು.